ಇದಲ್ಲ, ಇದರ ಹಿಂದಿನದು

ಅಮ್ಮಿಯ ಗಟ್ಟಿ ಹಲ್ಲೊಂದು ಸುಮ್ಮನೆ ಹೋದದ್ದರಲ್ಲಿ ನನ್ನ ಪಾಲೂ ಇದೆ. ಅದನ್ನು ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ.

ಡಾಕ್ಟರ ಮುಂದೆ ಅಮ್ಮಿ ದಖನಿ ಬಿಟ್ಟು ಮಾತಾಡುವುದಿಲ್ಲ. ಅದನ್ನು ಕನ್ನಡದಲ್ಲಿ ಹೇಳುವುದು ನನ್ನ ಕೆಲಸ — ಹೇಳುವುದಕ್ಕಿಂತ, ಕತ್ತರಿಸುವುದು. ಅವಳು ಮೊಣಕಾಲಿನ ನೋವಿನಿಂದ ಶುರುಮಾಡಿ ಯಾರದೋ ಮದುವೆಯವರೆಗೆ ಹೋಗುತ್ತಾಳೆ. ನಾನು ಒಂದು ಸಾಲು ಮಾಡಿ ಕೊಡುತ್ತೇನೆ. ಶಿವಾಜಿನಗರದ ನಮ್ಮ ಗಲ್ಲಿಯ ಓದಿದ ಹೆಣ್ಣುಮಕ್ಕಳೆಲ್ಲ ಹೀಗೇ. ನನಗೆ ಅದರಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು.

ಜೋಗುಪಾಳ್ಯದ ಕ್ಲಿನಿಕ್ಕಿನಲ್ಲಿ ಡಾಕ್ಟರು ಇಕ್ಕಳ ಎತ್ತಿದಾಗ ಅಮ್ಮಿ ನನ್ನ ತೋಳು ಹಿಡಿದಳು. “ಯೇ ನೈ, ಇಸ್ಕೆ ಪೀಛೆ ಕಾ.” ಇದಲ್ಲ, ಇದರ ಹಿಂದಿನದು.

“ಏನಂತಾರೆ?”

“ಭಯ ಅಂತೆ. ನೀವು ಮಾಡಿ ಡಾಕ್ಟ್ರೇ.”

ನನಗೆ ಕೇಳಿಸಿತ್ತು. ಎದುರಿಗೇ ಎಕ್ಸ್‌ರೇ ಇದೆ, ಅವರಿಗೆ ಗೊತ್ತಿರುವುದಿಲ್ಲವೇ ಎಂದುಕೊಂಡೆ — ಇಲ್ಲ, ಅಷ್ಟೂ ಯೋಚಿಸಲಿಲ್ಲ. ಅವಳ ಮಾತಿಗೆ ಮುಜುಗರವಾಯಿತು, ಅಷ್ಟೇ.

ಸಂಜೆ ಕೊಳೆತ ಹಲ್ಲು ಅಲ್ಲೇ ನೋಯುತ್ತಿತ್ತು. ಅಣ್ಣ ಕೆರಳಿದ. ಗ್ರಾಹಕರ ನ್ಯಾಯಾಲಯಕ್ಕೆ ಹೋಗೋಣ, ಒಳಗಿದ್ದವಳು ನೀನು, ಹೇಳಿಕೆ ನೀನೇ ಕೊಡಬೇಕು ಎಂದ. ನಾನು “ಹೋಗ್ಲಿ ಬಿಡು” ಎನ್ನುತ್ತಲೇ ಬಂದೆ. ಮನೆಯವರು ಅದನ್ನು ಒಳ್ಳೆಯತನ ಎಂದುಕೊಂಡರು. ಕೊನೆಗೆ, ಇನ್ನು ತಡಮಾಡಿದರೆ ದೂರು ಕೊಡುವ ಅವಧಿ ಮುಗಿಯುತ್ತದೆ ಎಂದು ಅಣ್ಣ ಗೊತ್ತುಮಾಡಿದ್ದ ವಕೀಲರಿಂದ ಫೋನ್ ಬಂತು.

ಅಮ್ಮಿ ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ ಒಂದೇ ಕಡೆಯಿಂದ ಅಗಿಯುತ್ತಿದ್ದಳು. ಹೇಳಿಬಿಟ್ಟೆ.

“ಗೊತ್ತು,” ಎಂದಳು, ಕನ್ನಡದಲ್ಲೇ. “ಭಯ ಅಂದ್ರೆ ತಿಳಿಯಲ್ವಾ ನಂಗೆ? ರಸೆಲ್ ಮಾರ್ಕೆಟ್ಟಲ್ಲಿ ಇಷ್ಟು ವರ್ಷ ಯಾವ ಭಾಷೇಲಿ ಜಗಳ ಆಡಿದೀನಿ?”

“ಮತ್ತೆ ಯಾಕೆ ಸುಮ್ನಿದ್ದೆ ಅಮ್ಮಿ?”

“ಆಗ ಅವ್ರ ಕೈ ನನ್ನ ಬಾಯೊಳಗಿತ್ತು. ಆಮೇಲೆ… ನೀನೇ ಹೇಳ್ತೀಯ ಅಂತ ಕಾದೆ, ಬೇಟಿ.”

ಹಗುರವಾದೆ ಎಂದು ಬರೆಯಲು ನಾಚಿಕೆ. ಆದರೂ ಹಗುರವಾದದ್ದು ನಿಜ.

ದೂರು ಕೊಡುತ್ತಿದ್ದೇವೆ. ಎಕ್ಸ್‌ರೇ ಸರಿಯಾಗಿ ನೋಡದೆ ಕಿತ್ತದ್ದು ಅವರ ತಪ್ಪು. ಅದರಿಂದ ನನ್ನದು ಚಿಕ್ಕದಾಗುವುದಿಲ್ಲ. ವಕೀಲರ ಕಚೇರಿಯಲ್ಲಿ, ಅಮ್ಮಿ ಅಂದದ್ದನ್ನೂ ನಾನು ಅಂದದ್ದನ್ನೂ ಇದ್ದ ಹಾಗೇ ಹೇಳಿದೆ. “ಇದನ್ನ ಸೇರಿಸಿದ್ರೆ ಕೇಸು ಸಡಿಲ ಆಗಬಹುದು ಕಣಮ್ಮ,” ಎಂದರು ವಕೀಲರು. ಸೇರಿಸಿ ಎಂದೆ.

ಪಕ್ಕದಲ್ಲಿ ಕೂತಿದ್ದ ಅಮ್ಮಿ ದಖನಿಯಲ್ಲಿ ಏನೇನೋ ಉದ್ದಕ್ಕೆ ಹೇಳಿದಳು. ವಕೀಲರು ನನ್ನ ಕಡೆ ನೋಡಿದರು. ನಾನು ಮೊದಲಿನಿಂದ — ಮೊಣಕಾಲಿನಿಂದಲೇ — ಹೇಳತೊಡಗಿದೆ.