ಹಲ್ಲು ನೋಡಿ ಕೂಡಿಸಿದ ಸಂಬಂಧ

ರಾಜಾಜಿನಗರದ ಖಾಲಿ ಬಯಲಲ್ಲಿ ಸಮುದ್ರಪ್ರಾಣಿಗಳ ಡೇರೆ ಹಾಕಿದ್ರು. ಬಾಗಿಲಲ್ಲಿ ನಿಂತು ಕೂಗಿ ಜನರನ್ನ ಕರೆಯೋ ಕೆಲಸ ನನ್ನದು. ಪ್ರಾಣಿ ಅಂದ್ರೆ ಎರಡೇ: ಹುಲ್ಲು ತುಂಬಿದ, ಉದ್ದ ಮೀಸೆಯ ಸೀಲು ಅನ್ನೋ ಕಡಲಪ್ರಾಣಿ, ಗಾಜಿನ ಸೀಸೆಯಲ್ಲಿ ಸೌತೆಕಾಯಿಯಂಗಿರೋ ಸಮುದ್ರ ಸೌತೆ ಅನ್ನೋ ಮೆತ್ತನೆ ಜೀವಿ. "ಸಂಜೆಯೊಳಗೆ ಡೇರೆ ತುಂಬದಿದ್ರೆ ನಾಳೆ ಬರಬೇಡ" ಅಂದಿದ್ದರು ಯಜಮಾನರು.

"ಸೀಲಿಗೆ ಮೂಳೆ ಇದೆ, ಸೌತೆಗಿಲ್ಲ! ಅದು ಮೇಲೆ ಬಂದು ಉಸಿರಾಡುತ್ತೆ, ಇದು ತಳದಲ್ಲೇ ಬಿದ್ದಿರುತ್ತೆ! ಎರಡಕ್ಕೂ ಸಂಬಂಧವೇ ಇಲ್ಲ!" ಅಂತ ಅವರು ಕಲಿಸಿದ್ದನ್ನೇ ಕೂಗಿದೆ. ಒಳಗಿದ್ದವರು ಆಕಳಿಸಿದರು.

ಕೆಂಗೇರಿಯಿಂದ ಬಂದಿದ್ದ ದನದ ವ್ಯಾಪಾರಿ ತಾತ ಮಾತ್ರ ಸೀಲಿನ ತೆರೆದ ಬಾಯೊಳಗೆ ಬೆರಳಾಡಿಸಿದ. "ಬಾಯಿ ಗೂಡಿದೆ, ಹಲ್ಲೆಲ್ಲಾ ಬಂದವೆ, ವಯಸ್ಸಾದ್ದು." ಆಮೇಲೆ ಸೀಸೆಗೆ ಕಣ್ಣಿಟ್ಟು ಹುಡುಕಿದ. "ಇದಕ್ಕೆ ಹಲ್ಲೇ ಹುಟ್ಟಿಲ್ಲ. ಸಂಬಂಧ ಇಲ್ಲ ಅಂತೀಯಲ್ಲೋ ಮುಂಡೇದೆ, ಇದು ಅದರ ಮರಿ ಕಣೋ!"

"ತಾತ, ಕಾಲು, ಬಾಲ ಒಂದೂ ಇಲ್ವಲ್ಲ?"

"ಈಗಿನ್ನೂ ಹುಟ್ಟೈತೆ. ಬರ್ತವೆ ಬಿಡು."

ನಾನು ಹೊರಗೆ ಓಡಿ, "ತಾಯಿ-ಮರಿ ನೋಡ್ಬನ್ನಿ!" ಅಂತ ಕಿರುಚಿದೆ. ಡೇರೆ ತುಂಬಿಹೋಯ್ತು. "ಅಯ್ಯೋ, ಮರೀನ ಸೀಸೇಲಿಟ್ರೆ ಹಾಲು ಹೆಂಗೆ ಕುಡೀತದೆ?" ಅಂತ ಹೆಂಗಸರು ಯಜಮಾನರನ್ನೇ ಬೈದರು. ಬೈಸಿಕೊಂಡೂ ಅವರು ನನ್ನ ಕಿವಿಯಲ್ಲಿ, "ನಾಳೇನೂ ಹೀಗೇ ಕೂಗು" ಅಂದರು.

ತಾಯಿಗೆ ಅಷ್ಟುದ್ದ ಮೀಸೆ ಯಾಕೆ ಅಂತ ಮಾತ್ರ ಒಬ್ಬರೂ ಕೇಳಲಿಲ್ಲ.