ಕಡಬದಿಂದ ಬಂದ ಉತ್ತರದಲ್ಲಿ ನಾನು ಅಳಿಸಿದ್ದು

ಗೋವಿಂದಣ್ಣ ನಮ್ಮ ಭಾಗವತರನ್ನು ಹಳಿದಿರಲಿಲ್ಲ. ಹಳಿದ ಹಾಗೆ ಕಾಣುವಂತೆ ಮಾಡಿದವನು ನಾನು. ಅಬ್ಬಾ — ಬರೆದೇ ಬಿಟ್ಟೆ! ನಿಲ್ಲಿಸಿದರೆ ಮತ್ತೆ ಧೈರ್ಯ ಬಾರದು, ಒಂದೇ ಉಸಿರಿಗೆ ಹೇಳಿಬಿಡುತ್ತೇನೆ.

ತಾಳಮದ್ದಳೆ ಎಂದರೆ ನನಗೆ ಹುಚ್ಚು. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪದ್ಯ ಹಾಡುತ್ತಾರೆ, ನಾವು ಎದುರುಬದುರು ಕೂತು ಪಾತ್ರಗಳಾಗಿ ವಾದಿಸುತ್ತೇವೆ. ಪುತ್ತೂರಿನ ನನ್ನ ಅಂಗಡಿಯಲ್ಲಿ ಗಿರಾಕಿಗೆ ಕನ್ನಡಕ ತೊಡಿಸುವಾಗಲೂ ತಲೆಯಲ್ಲಿ ಯಾವುದೋ ಸಂವಾದ ಓಡುತ್ತಿರುತ್ತದೆ. ಆ ಹುಚ್ಚಿನಲ್ಲೇ ಒಂದು ಇಮೇಲ್ ಬಳಗ ಕಟ್ಟಿದೆ. ಒಬ್ಬರು ಬರೆದರೆ ಪುತ್ತೂರು, ಸುಳ್ಯ, ಕಡಬದವರಿಗೆಲ್ಲ ತಲುಪುತ್ತದೆ, ದುಬೈಯಲ್ಲಿರುವವರಿಗೂ. ನಿಯಮ ಬರೆದವನೂ ನಾನೇ. ಉತ್ತರಿಸುವಾಗ ಹಿಂದಿನ ಪತ್ರವನ್ನು ಇಡಿಯಾಗಿ ಹೊತ್ತು ತರಬೇಡಿ, ಬೇಕಾದ ಸಾಲನ್ನಷ್ಟೇ ಉಳಿಸಿ ಅದರ ಕೆಳಗೆ ಬರೆಯಿರಿ. ನಿಮಗೊಬ್ಬರಿಗೇ ಬಂದದ್ದನ್ನು, ಬರೆದವರನ್ನು ಕೇಳದೆ ಬಳಗಕ್ಕೆ ಹಾಕಬೇಡಿ. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ!

ಕೆಲವು ವರ್ಷಗಳ ಹಿಂದೆ ಉಪ್ಪಿನಂಗಡಿಯಲ್ಲಿ ಒಂದು ತಾಳಮದ್ದಳೆ ಕೂಟ. ನನ್ನದು ದೇವರ ಪಾತ್ರ. ಕಡಬದಲ್ಲಿ ಔಷಧದ ಅಂಗಡಿ ಇಟ್ಟಿರುವ ಗೋವಿಂದಣ್ಣನದ್ದು ರಾಕ್ಷಸ. ಆಹಾ, ಆ ದಿನ ಅವರ ಬಾಯಲ್ಲಿ ಎಂಥ ಮಾತು! ನಾನು ಶುರುಮಾಡಿದ ವಾಕ್ಯದ ನಡುವೆ ನುಗ್ಗಿ ಒಂದು ಪ್ರಶ್ನೆ ಇಟ್ಟರು — ದೇವರಿಗೆ ಉತ್ತರ ಹೊಳೆಯಲಿಲ್ಲ. ಸಭೆಯೆಲ್ಲ ಚಪ್ಪಾಳೆ. ನಾನೂ ನಕ್ಕೆ, ಆದರೆ ಹೊಟ್ಟೆ ಉರಿಯುತ್ತಿತ್ತು.

ಅಂದು ಹಾಡಿದವರು ಬೆಳ್ಳಾರೆಯ ನಮ್ಮ ಹಿರಿಯ ಭಾಗವತರು. ನಮ್ಮಿಬ್ಬರಿಗೂ ಅರ್ಥಗಾರಿಕೆ, ಅಂದರೆ ಪದ್ಯಕ್ಕೆ ಮಾತು ಹೆಣೆಯುವುದನ್ನು, ಕಲಿಸಿದವರು ಅವರೇ. ಹಾಡುಗಾರಿಕೆ ಹೇಗಿತ್ತೆಂದು ಮರುದಿನ ಬಳಗದಲ್ಲಿ ಕೇಳಿದೆ. ಗೋವಿಂದಣ್ಣ ಎಲ್ಲರಿಗೂ ಉತ್ತರಿಸದೆ ನನಗೊಬ್ಬನಿಗೇ ಉತ್ತರಿಸಿದ್ದರು. ಮೊದಲ ಸಾಲು: "ಭಾಗವತರಿಗೆ ಮೊದಲಿನ ಸ್ವರ ಇಲ್ಲ."

ಸಿಕ್ಕಿತು ಎನಿಸಿತು! ಮುಂದಿನದನ್ನು ಓದಲಿಲ್ಲ ಎಂದು ಈಗ ಹೇಳಬಹುದು, ಆದರೆ — ಇಲ್ಲ, ಓದಿದ್ದೆ. ಪೂರ್ತಿ ಓದಿಯೇ ಉಳಿದದ್ದನ್ನು ಅಳಿಸಿದೆ. ಆ ಒಂದು ಸಾಲನ್ನು ಬಳಗಕ್ಕೆ ಹಾಕಿ ಕೆಳಗೆ ಬರೆದೆ: "ಕಲಿಸಿದವರ ಸ್ವರ ಅಳೆಯುವವರು ಉಂಡ ಮನೆಗೆ ಎರಡು ಬಗೆಯುವವರು."

ಉತ್ತರಗಳು ಬಂದವು, ಬಂದವು, ಬರುತ್ತಲೇ ಇದ್ದವು! ಗುರುದ್ರೋಹಿ ಎಂದರು, ಅಹಂಕಾರಿ ಎಂದರು. ನಾನು ಗಿರಾಕಿಗಳನ್ನು ಕಾಯಿಸಿ ಒಂದೊಂದನ್ನೂ ಎರಡೆರಡು ಸಲ ಓದಿದೆ. ಉಪ್ಪಿನಂಗಡಿಯಲ್ಲಿ ಸಿಗದ ಚಪ್ಪಾಳೆ ಅಲ್ಲಿ ಸಿಕ್ಕಿತ್ತು — ಹೇಳಲು ನಾಚಿಕೆಯಾಗುತ್ತದೆ, ಅಷ್ಟು ಖುಷಿಯಾಗಿತ್ತು.

ಸಂಜೆ ಗೋವಿಂದಣ್ಣನ ಫೋನು ಬಂತು. "ಎಂತ ಮಾಡಿದ್ದು ಮಾರಾಯ್ರೆ ನೀವು? ಉಳಿದದ್ದನ್ನು ನೀವೇ ಹಾಕಿ. ನಾನು ಹಾಕಿದ್ರೆ, ಬೈಗುಳ ತಿಂದ ಮೇಲೆ ಹುಟ್ಟಿಸಿದ್ದು ಅಂತ ಹೇಳ್ತಾರೆ."

"ಹಾಕುವ, ಹಾಕುವ" ಎಂದೆ. ಹಾಕಲಿಲ್ಲ. ಬದಲಿಗೆ, ಬಳಗ ನಡೆಸುವವನ ಗತ್ತಿನಲ್ಲಿ, ಈ ಚರ್ಚೆ ಇಲ್ಲಿಗೆ ಮುಗಿಯಿತು, ಯಾರೂ ಎಳೆಯಬೇಡಿ ಎಂದು ಬರೆದೆ. ಗೋವಿಂದಣ್ಣ ಬಳಗ ಬಿಟ್ಟರು. ಕೂಟಗಳಿಗೆ ಬರುವುದನ್ನೂ ಬಿಟ್ಟರು. ಅಂಥ ಮಾತುಗಾರ ಇಷ್ಟು ವರ್ಷ ಬಾಯಿಮುಚ್ಚಿ ಕೂತದ್ದು ನನ್ನಿಂದ.

ಕಾಯಿಲೆ ಬಿದ್ದು ಹಾಡು ನಿಲ್ಲಿಸಿದ್ದ ಭಾಗವತರು ಈಗ ಚೇತರಿಸಿಕೊಂಡು, ಬರುವ ಭಾನುವಾರ ಮತ್ತೆ ಜಾಗಟೆ ಹಿಡಿದು ಹಾಡುತ್ತಾರೆ! ಸುದ್ದಿ ಕೇಳಿ ಕುಣಿಯುವುದೊಂದು ಬಾಕಿ. ಅಂಗಡಿಗೆ ಬೀಗ ಹಾಕಿ ಬೆಳ್ಳಾರೆಗೆ ಓಡಿದೆ. ಯಾರನ್ನೆಲ್ಲ ಕರೆಯಬೇಕೆಂದು ಹೆಸರು ಹೇಳುತ್ತಾ ಹೋದವರು ಒಮ್ಮೆ ನಿಲ್ಲಿಸಿದರು. "ಕಡಬದವರಿಗೆ ಹೇಳುದು ಬೇಡ. ಅವರಿಗೆ ನನ್ನ ಸ್ವರ ಸಾಲುದಿಲ್ಲ." ಆ ಸಾಲು ಅವರ ಕಿವಿಗೂ ಬಿದ್ದಿತ್ತು. ಸಿಟ್ಟಿನಿಂದ ಹೇಳಿದ್ದಲ್ಲ. ಸಿಟ್ಟಿದ್ದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆನೋ ಏನೋ — ಅವರು ಅದನ್ನು ಒಪ್ಪಿಕೊಂಡುಬಿಟ್ಟಿದ್ದರು. ಆಗಲೂ ನಿಜ ಹೇಳದೆ ಎದ್ದು ಬಂದೆ.

ಇವತ್ತು ಬೆಳಿಗ್ಗೆ ಕಡಬಕ್ಕೆ ಫೋನು ಮಾಡಿದೆ. "ಗೋವಿಂದಣ್ಣ, ನಿಮ್ಮ ಆ ಪತ್ರ ನನ್ನತ್ರ ಉಂಟು. ಪೂರ್ತಿ ಉಂಟು. ಹಾಕ್ಲಾ?" "ಆಗಲೇ ಹೇಳಿದ್ದೆನಲ್ಲ, ಹಾಕಿ" ಎಂದರು. ಭಾನುವಾರ ಬರುತ್ತೀರಾ ಎಂದು ಕೇಳಲು ನನಗೆ ಮುಖವಿರಲಿಲ್ಲ.

ಮೊದಲು ಬೆಳ್ಳಾರೆಗೆ ಹೋಗಿ ಭಾಗವತರ ಎದುರು ಇದನ್ನು ಓದುತ್ತೇನೆ. ಅಲ್ಲಿಂದಲೇ ಇಡೀ ಬಳಗಕ್ಕೆ ಕಳಿಸುತ್ತೇನೆ. ಅವರು ಹೊರಗೆ ಹೋಗೆಂದರೆ ಹೋಗುತ್ತೇನೆ. ನನ್ನದೇ ನಿಯಮದಂತೆ ಗೋವಿಂದಣ್ಣನ ಮಾತಿನ ಕೆಳಗೆ ನನ್ನ ಉತ್ತರ ಇರಬೇಕು. ಈ ಸಲ ಇರುವುದಿಲ್ಲ. ಒಂದಕ್ಷರ ಬಿಡದೆ ಅವರ ಪತ್ರ ಇದು:

"ಭಾಗವತರಿಗೆ ಮೊದಲಿನ ಸ್ವರ ಇಲ್ಲ. ಆದರೆ ಪದ್ಯ ಮುಗಿಸಿ ಒಮ್ಮೆ ನಮ್ಮ ಮುಖ ನೋಡ್ತಾರಲ್ಲ, ನನಗೆ ಮಾತು ಹುಟ್ಟುದೇ ಅಲ್ಲಿ. ಅವರು ಹಾಡುವಷ್ಟು ದಿನ ನಾನು ಅರ್ಥ ಹೇಳುದು. ಬೇರೆಯವರ ಪದ್ಯಕ್ಕೆ ನನಗೆ ಬಾಯಿ ಬರ್ಲಿಕ್ಕಿಲ್ಲ. ಮತ್ತೆ, ನಿನ್ನೆ ನಿಮ್ಮ ಮಾತನ್ನು ಅರ್ಧದಲ್ಲೇ ತುಂಡು ಮಾಡಿದೆ. ಹಾಗೆ ಮಾಡಬಾರದಿತ್ತು. ಬೇಸರ ಮಾಡ್ಬೇಡಿ."