ಅವ್ವನ ಹೇರ್‌ಪಿನ್ನು ಮತ್ತು ಹಿತ್ತಾಳೆ ತೋಟೆಗಳು

ತನ್ವಿ, ಪ್ರಣವ್, ಮೊನ್ನೆ ನನ್ನ ಹೊಲಿಗೆ ಡಬ್ಬಿಯಲ್ಲಿ ತುದಿ ಬಗ್ಗಿದ ಹೇರ್‌ಪಿನ್ ಕಂಡು, “ಅಜ್ಜೀ, ಬೆಂಡ್ ಆಗಿದೆ, ಎಸೀ ಲಾ!” ಎಂದು ನಿಮ್ಮ ಮಲೇಷ್ಯಾದ ಧಾಟಿಯಲ್ಲಿ ಅಂದಿರಲ್ಲ. ನನಗೆ ಬಾಯಲ್ಲಿ ಹೇಳಲು ಸಂಕೋಚ. ಅದಕ್ಕೇ ಬರೆಯುತ್ತಿದ್ದೇನೆ.

ಆಗೆಲ್ಲ ಕೊಡಗಿನ ನಮ್ಮ ಮನೆಯಲ್ಲಿ ನಾಟಿ ಮುಗಿಯಿತೆಂದರೆ ಕೈಲು ಮುಹೂರ್ತದ ಸಡಗರ. ಕೋವಿಗೆ ಪೂಜೆ, ಕಡುಬು, ಹಂದಿ ಸಾರು, ಸಂಜೆ ಮೈದಾನದಲ್ಲಿ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಅಪ್ಪ ತನ್ನ ರೈಫಲ್ಲಿನ ಖಾಲಿ ತೋಟೆಗಳನ್ನು, ಅಂದರೆ ಗುಂಡು ಹಾರಿದ ಮೇಲೆ ಉಳಿಯುವ ಹಿತ್ತಾಳೆ ಕೊಳವೆಗಳನ್ನು, ಎಸೆಯದೆ ಮದ್ದು ಗುಂಡು ತುಂಬಿ ಮತ್ತೆ ಬಳಸುತ್ತಿದ್ದ. ಆ ವರ್ಷ ಪೂಜೆಗೆ ಚೆನ್ನಾಗಿ ಕಾಣಲೆಂದು ಅವ್ವ ಖಾಲಿ ತೋಟೆಗಳನ್ನೆಲ್ಲ ಹುಣಸೆಹಣ್ಣು, ಬೂದಿ ಹಾಕಿ ಉಜ್ಜಿದ್ದಳು. ಬಂಗಾರದ ಹಾಗೆ ಹೊಳೆಯುತ್ತಿದ್ದವು.

ಹಬ್ಬದ ಹಿಂದಿನ ದಿನ ಅಪ್ಪ ಕೆಲವನ್ನು ತುಂಬಿ ಅಭ್ಯಾಸಕ್ಕೆ ನಿಂತ. ಒಂದು ಗುಂಡು ಹಾರುತ್ತಲೇ ಹೊಗೆ ಹಿಂದಕ್ಕೆ ನುಗ್ಗಿ ಅವನ ಮುಖಕ್ಕೇ ಬಡಿಯಿತು. ತೋಟೆಯ ಬುಡ ಮಾತ್ರ ಹೊರಬಂತು. ಉಳಿದದ್ದು ಹರಿದು ನಳಿಗೆಯೊಳಗೇ ಕಚ್ಚಿಕೊಂಡಿತ್ತು.

“ಮದ್ದು ಜಾಸ್ತಿ ಆಯ್ತೇನೋ. ಉಳಿದವಕ್ಕೆ ಕಡಿಮೆ ಹಾಕ್ತೀನಿ,” ಎಂದ ಅಪ್ಪ, ಕಣ್ಣು ಒರೆಸಿಕೊಳ್ಳುತ್ತ.

“ತಡೀರಿ,” ಎಂದಳು ಅವ್ವ. “ಹರಿಯೋ ತೋಟೆಗೆ ಬುಡದ ಹತ್ರ ಬಿಳಿ ಗೆರೆ ಬರುತ್ತೆ ಅಂತ ನೀವೇ ಹೇಳ್ತಿದ್ರಿ. ನಾನು ಉಜ್ಜಿದ ಮೇಲೆ ಎಲ್ಲಾ ಒಂದೇ ಹೊಳಪು. ಇನ್ನು ಒಳಗೇ ನೋಡ್ಬೇಕು.”

ತುರುಬಿನಿಂದ ಪಿನ್ನು ಕಿತ್ತು, ತುದಿಯನ್ನು ಹಲ್ಲಲ್ಲಿ ಬಗ್ಗಿಸಿ, ತುಂಬದೆ ಉಳಿದಿದ್ದ ಒಂದು ತೋಟೆಯೊಳಗೆ ಇಳಿಸಿದಳು. ಕಣ್ಣು ಮುಚ್ಚಿ, ಬುಡದಿಂದ ಮೆಲ್ಲಗೆ ಮೇಲಕ್ಕೆಳೆದಳು.

“ಇಲ್ಲಿ ತಡೀತಿದೆ. ನೀನೂ ನೋಡು ಮಗಾ.”

ಪಿನ್ನು ಹಿಡಿದ ನನ್ನ ಬೆರಳಿಗೂ ಆ ಸಣ್ಣ ಕೊರಕಲು ಸಿಕ್ಕಿತು. ಅಪ್ಪ ಗರಗಸದಲ್ಲಿ ಅದನ್ನು ಉದ್ದಕ್ಕೆ ಸೀಳಿದ. ಒಳಗೋಡೆ ಸುತ್ತಲೂ ಸವೆದು, ಕಾಗದದಷ್ಟು ತೆಳ್ಳಗಾಗಿತ್ತು. ಉಳಿದವೂ ಹೆಚ್ಚುಕಡಿಮೆ ಹಾಗೇ.

ಜಗಲಿಯಲ್ಲಿದ್ದ ದೊಡ್ಡಪ್ಪ ನಕ್ಕರು: “ಏನು ತಮ್ಮಾ, ನಾಳೆ ಕಾಯಿ ಹೊಡೆಯೋದು ಕೋವೀಲೋ, ಹೇರ್‌ಪಿನ್ನಲ್ಲೋ?”

“ಕಾಯಿ ಮುಂದಿನ ವರ್ಷವೂ ಸಿಗುತ್ತೆ ಬಾವ. ಇವರ ಕಣ್ಣು ಸಿಗುತ್ತಾ?” ಎಂದಳು ಅವ್ವ. ಅವಳು ಅವರೆದುರು ಅಷ್ಟು ಜೋರಾಗಿ ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಅಪ್ಪ ತುಂಬಿದ್ದವನ್ನು ಬಿಚ್ಚಿ ಖಾಲಿ ಮಾಡಿ, ಸೀಳಿದ್ದೊಂದನ್ನು ಬಿಟ್ಟು ಆ ತೋಟೆಗಳನ್ನೆಲ್ಲ ಸುತ್ತಿಗೆಯಲ್ಲಿ ಚಪ್ಪಟೆ ಮಾಡಿದ. ಮರುದಿನ ಮೈದಾನಕ್ಕೆ ಬರಿಗೈಯಲ್ಲಿ ಹೋದ. ದೊಡ್ಡಪ್ಪನ ಗುಂಡಿಗೆ ಕಾಯಿ ಒಡೆದಾಗ ಎಲ್ಲರಿಗಿಂತ ಜೋರಾಗಿ ಕೂಗಿದವನೂ ಅವನೇ.

“ಬೇಜಾರಾಯ್ತಾ?” ಎಂದು ಕಡುಬು ಬಡಿಸುತ್ತ ಅವ್ವ ಕೇಳಿದಳು.

“ಆಯ್ತು. ಆದ್ರೆ ಎರಡೂ ಕಣ್ಣಲ್ಲಿ ನೋಡ್ದೆ,” ಎಂದ ಅಪ್ಪ.

ಈಗ ಅವರಿಬ್ಬರೂ ಇಲ್ಲ, ನಿಮ್ಮ ತಾತನೂ ಇಲ್ಲ. ಸೀಳಿದ ಆ ತೋಟೆಯನ್ನು ಬಹಳ ವರ್ಷ ಇಟ್ಟುಕೊಂಡಿದ್ದೆ. ಮಲೇಷ್ಯಾಕ್ಕೆ ಖಾಲಿ ತೋಟೆಯನ್ನೂ ತರುವಂತಿಲ್ಲ ಎಂದು ನಿಮ್ಮಪ್ಪ ಹೇಳಿದ ಮೇಲೆ ಅಲ್ಲೇ ಬಿಟ್ಟು ಬಂದೆ. ಇಲ್ಲಿ ಪೆಟಾಲಿಂಗ್ ಜಯಾದ ಈ ಮನೆಯಲ್ಲಿ ಕೆಟ್ಟದ್ದನ್ನು ಎಸೆದು ಹೊಸದು ತರುತ್ತೇವೆ. ಯಾಕೆ ಕೆಟ್ಟಿತು ಎಂದು ಕಣ್ಣು ಮುಚ್ಚಿ ಹುಡುಕುವವರಿಲ್ಲ. ನನ್ನ ಬೆರಳ ತುದಿಗಳೂ ಜಡವಾಗಿವೆ, ಸೂಜಿ ಚುಚ್ಚಿದರೂ ತಡವಾಗಿ ತಿಳಿಯುತ್ತದೆ. ಆ ಕೊರಕಲು ಇನ್ನು ನನಗೆ ಸಿಗಲಾರದು.

ಕನ್ನಡ ಓದಲು ಕಷ್ಟವಾದರೆ ನಿಮ್ಮಪ್ಪನಿಂದ ಓದಿಸಿಕೊಳ್ಳಿ. ಅವ್ವನ ಆ ಪಿನ್ನನ್ನು ಈ ಹಾಳೆಗಳಿಗೇ ಸಿಕ್ಕಿಸಿದ್ದೇನೆ. ಎರಡನ್ನೂ ಬೇರೆ ಮಾಡದೆ ಜೋಪಾನವಾಗಿ ಇಟ್ಟುಕೊಳ್ಳಿ, ಮಕ್ಕಳೇ.